ಡ್ರ್ಯಾಗನ್ ಕತ್ತು ಬಾಗುವುದಕ್ಕೆ
ನೀವು ಕ್ರೋಶಾದಲ್ಲಿ ಹೆಣೆದ ಡ್ರ್ಯಾಗನ್ ಗೊಂಬೆಗೆ ತಲೆ ಹೊಲಿದ ಮೇಲೆ ಕತ್ತು ಮುಂದಕ್ಕೆ ಬಾಗುತ್ತಿದೆ ಅಂದಿದ್ದೀರಿ. ಹೆಚ್ಚಾಗಿ ಇದಕ್ಕೆ ಕಾರಣ ತಲೆಯ ಭಾರವಲ್ಲ, ಕತ್ತು ಮೈಗೆ ಸೇರುವ ಜಾಗದಲ್ಲಿ ಹತ್ತಿ ಸಾಲದೆ ಉಳಿದ ಪೊಳ್ಳು. ಬೆರಳಲ್ಲಿ ಒತ್ತಿ ನೋಡಿ, ಮೆತ್ತಗೆ ಒಳಗೆ ಹೋದರೆ ಅದೇ.

ಕತ್ತಿನ ಹಿಂಬದಿಯ ಹೊಲಿಗೆಯನ್ನು ಅರ್ಧದಷ್ಟು ಮಾತ್ರ ಬಿಚ್ಚಿ. ಹತ್ತಿಯನ್ನು ಹಿಂಜಿ, ಚಿಟಿಕೆ ಚಿಟಿಕೆಯಾಗಿ ಪೆನ್ಸಿಲ್ಲಿನ ಮೊಂಡು ತುದಿಯಿಂದ ತುಂಬಿ. ಒಟ್ಟಿಗೆ ತುರುಕಿದರೆ ಗಂಟುಗಂಟಾಗಿ ಹೊರಗೆ ಕಾಣುತ್ತೆ. ಕತ್ತಿನಿಂದ ಮೈಯೊಳಕ್ಕೆ ಹತ್ತಿ ಒಂದೇ ಕಂಬದ ಹಾಗೆ ಇಳಿಯಬೇಕು, ಮುಖ್ಯವಾದದ್ದು ಇದೇ. ಆಮೇಲೆ ಸುತ್ತಲೂ ಎರಡು ಸಲ ಹೊಲಿಯಿರಿ.

ಆಗಲೂ ವಾಲಿದರೆ ಬಹುಶಃ ಹೆಣಿಗೆಯೇ ಸಡಿಲ. ಕತ್ತನ್ನು ಈಗ ಬಳಸಿದ್ದಕ್ಕಿಂತ ಅರ್ಧ ಮಿ.ಮೀ. ಸಣ್ಣ ಕ್ರೋಶಾ ಹುಕ್‌ನಲ್ಲಿ ಮತ್ತೆ ಹೆಣೆಯಿರಿ. ಆಟಿಕೆ ಮಗುವಿಗಾದರೆ ಒಳಗೆ ತಂತಿ ಮಾತ್ರ ದಯವಿಟ್ಟು ಬೇಡ, ಚುಚ್ಚಿಕೊಂಡು ಹೊರಬರಬಹುದು.