ಹಳಿಗೆ ಜಮೀನು ರಾಜ್ಯದ್ದು, ವೇಳಾಪಟ್ಟಿ ಯಾರದು?

ಪ್ರಶ್ನೆ: ನಮ್ಮ ಕಡೆಯ ಹೊಸ ಮಾರ್ಗಕ್ಕೆ ರಾಜ್ಯ ಸರ್ಕಾರವೂ ದುಡ್ಡು ಹಾಕಿದೆ. ಆದರೂ ದಿನಕ್ಕೊಂದೇ ಪ್ಯಾಸೆಂಜರ್. ಇನ್ನೊಂದು ಗಾಡಿ ಬಿಡಿ ಎಂದು ರಾಜ್ಯ ಆದೇಶ ಮಾಡಬಾರದೇ? (ಕೊಪ್ಪಳ ಜಿಲ್ಲೆಯ ಓದುಗರು)

ಉತ್ತರ: ಆ ಅಧಿಕಾರ ರಾಜ್ಯಕ್ಕಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರೈಲ್ವೆ ಇರುವುದು ಕೇಂದ್ರ ಪಟ್ಟಿಯಲ್ಲಿ, 22ನೇ ನಮೂದು. 257 ಕಿ.ಮೀ.ಗಳ ಗದಗ–ವಾಡಿ ಮಾರ್ಗಕ್ಕೆ ಜಮೀನನ್ನೂ ಕಾಮಗಾರಿಯ ಅರ್ಧ ವೆಚ್ಚವನ್ನೂ ರಾಜ್ಯವೇ ಕೊಡುವ ಒಪ್ಪಂದವಿದೆ. ಆದರೂ ಯಾವ ಗಾಡಿ ಎಷ್ಟು ಹೊತ್ತಿಗೆ ಓಡಬೇಕೆಂಬುದು ರೈಲ್ವೆಯ ತೀರ್ಮಾನ.

ಮನವಿ ಕೊಟ್ಟವರಿಗೆ ಸಿಗುವ ಮಾಮೂಲಿ ಉತ್ತರ 'ಮಾರ್ಗದಲ್ಲಿ ಸಾಮರ್ಥ್ಯವಿಲ್ಲ'. ಅದಕ್ಕೂ ಒಂದು ಲೆಕ್ಕವಿದೆ. ಒಂಟಿ ಹಳಿಯಲ್ಲಿ ಎರಡು ಸ್ಟೇಷನ್‌ಗಳ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು. ಮಾರ್ಗದಲ್ಲಿ ಅತಿ ಉದ್ದದ ತುಂಡು 18 ಕಿ.ಮೀ. ಎಂದುಕೊಳ್ಳಿ. ಗಂಟೆಗೆ 36 ಕಿ.ಮೀ. ಸಾಗುವ ಗೂಡ್ಸ್ ಅದನ್ನು ದಾಟಲು 30 ನಿಮಿಷ, ಸ್ಟೇಷನ್ ಮಾಸ್ಟರುಗಳು ಲೈನ್ ಕ್ಲಿಯರ್ (ಮುಂದಿನ ಹಳಿ ಖಾಲಿಯಿದೆ, ಗಾಡಿ ಬಿಡಿ ಎಂಬ ಒಪ್ಪಿಗೆ) ಪಡೆಯಲು 5 ನಿಮಿಷ. ದಿನದ 1440 ನಿಮಿಷವನ್ನು 35ರಿಂದ ಭಾಗಿಸಿದರೆ 41. ತಡ, ದುರಸ್ತಿಗಳಿಗೆ ಬಿಟ್ಟು ಶೇ. 70 ಹಿಡಿದರೆ ಎರಡೂ ದಿಕ್ಕು ಸೇರಿ 28 ಗಾಡಿ, ಅಷ್ಟೇ. ಆ ತುಂಡಿನ ನಟ್ಟನಡುವೆ ಎದುರುಬದುರು ಗಾಡಿಗಳು ಒಂದನ್ನೊಂದು ದಾಟಿಹೋಗುವ ಒಂದು ಕ್ರಾಸಿಂಗ್ ಸ್ಟೇಷನ್ ಕಟ್ಟಿದರೆ 35 ನಿಮಿಷ 20ಕ್ಕಿಳಿಯುತ್ತದೆ, ಗಾಡಿಗಳು 50ಕ್ಕೇರುತ್ತವೆ. (ಪಕ್ಕದ ತುಂಡುಗಳೂ ಅಷ್ಟೇ ಉದ್ದವಿದ್ದರೆ ಒಂದು ಸ್ಟೇಷನ್ನಿನಿಂದ ಕೆಲಸವಾಗದು.)

ರಾಜ್ಯ ಕೈ ಹಾಕಬಹುದಾದ ಜಾಗ ಇದೇ. ಕ್ರಾಸಿಂಗ್ ಸ್ಟೇಷನ್ನಿಗೂ ಬೋಗಿ ತೊಳೆದು ತಪಾಸಣೆ ಮಾಡುವ ಪಿಟ್ ಲೈನಿಗೂ ಹಣ, ಜಮೀನು ಕೊಡುತ್ತೇವೆಂದು ಸರ್ಕಾರ ಬರೆದರೆ ಆ ಪತ್ರಕ್ಕೆ ತೂಕ ಬರುತ್ತದೆ. ಬರೀ 'ಗಾಡಿ ಬಿಡಿ' ಎಂಬ ಪತ್ರ ಫೈಲಿನಲ್ಲೇ ಉಳಿಯುತ್ತದೆ.

ಪ್ರಶ್ನೆ: ಜಮೀನಿನ ಮೇಲೆ ಗುರುತಿನ ಕಲ್ಲು ನೆಟ್ಟು ವರ್ಷಗಳಾದವು. ಕೆಲಸವೇಕೆ ನಿಂತಿದೆ? (ಲಿಂಗಸುಗೂರು)

ಉತ್ತರ: ಹಳಿ ಹಾಸಲು ಜಮೀನು ಒಂದೇ ಉದ್ದಕ್ಕೆ ಸಿಗಬೇಕು. ಹತ್ತು ಕಿ.ಮೀ.ನಲ್ಲಿ ನಡುವಿನ ಎರಡು ಎಕರೆ ತಕರಾರಿನಲ್ಲಿದ್ದರೆ ಮಣ್ಣಿನ ಏರಿ ಅಲ್ಲಿಗೇ ತುಂಡಾಗುತ್ತದೆ, ಜಲ್ಲಿ ಗಾಡಿ ಮುಂದೆ ಹೋಗದು.

2013ರ ಭೂಸ್ವಾಧೀನ ಕಾಯ್ದೆಯಡಿ ನಿಮ್ಮ ಜಮೀನು ಹೋಗುತ್ತಿದ್ದರೆ ದಿನಾಂಕಗಳ ಮೇಲೆ ಕಣ್ಣಿಡಿ. ಪ್ರಾಥಮಿಕ ಅಧಿಸೂಚನೆ ಬಂದ 60 ದಿನದೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಅಧಿಸೂಚನೆಯಿಂದ 12 ತಿಂಗಳೊಳಗೆ ಅಂತಿಮ ಘೋಷಣೆ ಬರಬೇಕು, ಇಲ್ಲದಿದ್ದರೆ ಅಧಿಸೂಚನೆಯೇ ಬಿದ್ದುಹೋಗಬಹುದು. ಕಾಲ ವಿಸ್ತರಿಸಲು, ಅಥವಾ ನ್ಯಾಯಾಲಯದ ತಡೆಯಿದ್ದರೆ ಆ ದಿನಗಳನ್ನು ಬಿಡಲು, ಕಾನೂನಿನಲ್ಲಿ ಅವಕಾಶವಿದೆ. ಘೋಷಣೆಯಿಂದ ಇನ್ನೊಂದು 12 ತಿಂಗಳಲ್ಲಿ ಐತೀರ್ಪು, ಅಂದರೆ ಪರಿಹಾರ ಎಷ್ಟೆಂದು ಗೊತ್ತುಮಾಡುವ ಆದೇಶ, ಆಗಬೇಕು.

ಹಣ ಸಿಕ್ಕಿಬೀಳುವುದು ಹೆಚ್ಚಾಗಿ ಪಹಣಿಯಲ್ಲಿ. ತೀರಿಕೊಂಡ ಅಜ್ಜನ ಹೆಸರೇ ಇದ್ದರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಆಗುವವರೆಗೆ ಪರಿಹಾರ ಬರುವುದಿಲ್ಲ. ಪೋಡಿ ಆಗದ, ಅಂದರೆ ಅಳೆದು ಪಾಲುಗಳನ್ನು ಬೇರ್ಪಡಿಸದ, ಸರ್ವೆ ನಂಬರಿನಲ್ಲಿ ಯಾರ ಪಾಲು ಹೋಗುತ್ತಿದೆ ಎಂಬುದೇ ತಿಳಿಯದು. ಜಂಟಿ ಅಳತೆಯ ದಿನ ಹೊಲದಲ್ಲೇ ನಿಂತು ಬಾವಿ, ಪೈಪು, ಬೇವಿನ ಮರಗಳನ್ನು ಎಣಿಸಿ ಬರೆಸಿ. ಆಮೇಲೆ ಸೇರಿಸುವುದು ದೊಡ್ಡ ತಲೆನೋವು.

ಪ್ರಶ್ನೆ: ಬೆಂಗಳೂರಲ್ಲಿ ಹಳಿಗಳು ಇದ್ದೇ ಇವೆಯಲ್ಲ, ಉಪನಗರ ರೈಲಿಗೆ ಬೇರೆ ಹಳಿ ಏಕೆ? (ಯಲಹಂಕ)

ಉತ್ತರ: ಇರುವ ಹಳಿಯಲ್ಲಿ ದೂರದ ಎಕ್ಸ್‌ಪ್ರೆಸ್ಸುಗಳೂ ಗೂಡ್ಸುಗಳೂ ಓಡುತ್ತವೆ. ಹತ್ತು ನಿಮಿಷಕ್ಕೊಂದು ಲೋಕಲ್ ಬೇಕೆಂದರೆ ಅವುಗಳ ಜತೆ ಬೆರೆಸಲಾಗದು. ಒಂದು ಎಕ್ಸ್‌ಪ್ರೆಸ್ ತಡವಾದರೆ ಹಿಂದಿನ ಲೋಕಲ್‌ಗಳೆಲ್ಲ ತಡ. ಅದಕ್ಕೇ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಕಾರಿಡಾರ್, ಒಟ್ಟು 148 ಕಿ.ಮೀ. ಕೇಂದ್ರ ಸಂಪುಟ ಒಪ್ಪಿದ್ದು 2020ರ ಅಕ್ಟೋಬರಿನಲ್ಲಿ, ಅಂದಾಜು 15,767 ಕೋಟಿ ರೂಪಾಯಿ: ಶೇ. 20 ರಾಜ್ಯ, ಶೇ. 20 ಕೇಂದ್ರ, ಉಳಿದದ್ದು ಸಾಲ. ಇಲ್ಲಿ ರಾಜ್ಯ ಬರೀ ಹಣ ಕೊಟ್ಟು ಸುಮ್ಮನಿರುವುದಿಲ್ಲ. ಕಟ್ಟುವ ಕೆ-ರೈಡ್ ಕಂಪನಿಯಲ್ಲಿ ಅದರ ಪಾಲು ಶೇ. 51, ರೈಲ್ವೆಯದ್ದು 49. ಕೆಲಸ ಏಕೆ ತಡ ಎಂದು ಯಲಹಂಕದವರು ವಿಧಾನಸೌಧವನ್ನೇ ಕೇಳಬಹುದು.