20 ಕಪ್ಪೆಯೂ ನೆಗೆಟಿವ್ ಅಂದರೆ ಹಳ್ಳದಲ್ಲಿ ಕೈಟ್ರಿಡ್ (ಕಪ್ಪೆಯ ಚರ್ಮಕ್ಕೆ ರೋಗ ತರುವ ಶಿಲೀಂಧ್ರ) ಇಲ್ಲವೆಂದೇ?

ಇಲ್ಲ, ಹಾಗೆ ಹೇಳಲು ಬರುವುದಿಲ್ಲ. 20ರಲ್ಲಿ 20 ನೆಗೆಟಿವ್ ಬಂದರೂ, ಸೋಂಕು ಸುಮಾರು ಶೇ 14ರವರೆಗೆ ಇರುವ ಸಾಧ್ಯತೆ ಉಳಿಯುತ್ತದೆ. ಶೇ 5ರಷ್ಟು ಕಪ್ಪೆಗಳಿಗೆ ತಗುಲಿದ್ದರೂ ಒಂದಾದರೂ ಸಿಗಲೇಬೇಕು ಅಂದರೆ (ಶೇ 95 ಖಾತ್ರಿಗೆ) 59 ಕಪ್ಪೆಗಳ ಸ್ವಾಬ್ (ಹತ್ತಿಕಡ್ಡಿಯಿಂದ ಚರ್ಮ ಉಜ್ಜಿ ತೆಗೆದ ಮಾದರಿ) ಬೇಕು. ಅದೂ ಟೆಸ್ಟ್ ಒಂದನ್ನೂ ತಪ್ಪಿಸುವುದಿಲ್ಲ ಎಂದುಕೊಂಡರೆ!

ಪಶ್ಚಿಮ ಘಟ್ಟದಲ್ಲಿ ಈ ಶಿಲೀಂಧ್ರ ಇರುವುದು 2011ರಲ್ಲೇ ವರದಿಯಾಗಿದೆ. ಆದರೆ ಕಪ್ಪೆಯ ಮೈಮೇಲೆ ಅದರ ಪ್ರಮಾಣ ತೀರಾ ಕಡಿಮೆ ಇದ್ದರೆ ಪಿಸಿಆರ್ (ಅದರ ಡಿಎನ್‌ಎ ಹುಡುಕುವ ಟೆಸ್ಟ್) ಒಂದು ಸಲ ಪಾಸಿಟಿವ್, ಇನ್ನೊಂದು ಸಲ ನೆಗೆಟಿವ್ ತೋರಿಸುತ್ತದೆ. ಪ್ರತಿ ಸ್ಯಾಂಪಲ್ ಮೂರು ಸಲ ಓಡಿಸಲು ಲ್ಯಾಬಿಗೆ ಹೇಳಿ. ಇನ್‌ಹಿಬಿಷನ್ ಕಂಟ್ರೋಲ್ (ಟೆಸ್ಟ್‌ನ ರಿಯಾಕ್ಷನ್‌ಗೆ ಏನಾದರೂ ಅಡ್ಡಿಯಾಗುತ್ತಿದೆಯೇ ಎಂದು ನೋಡುವ ಪರೀಕ್ಷೆ) ಹಾಕಿದ್ದಾರಾ ಅಂತಲೂ ಕೇಳಿ. ಚರ್ಮದ ಲೋಳೆ, ಮಣ್ಣು ಸೇರಿದರೆ ರಿಯಾಕ್ಷನ್ನೇ ನಿಂತು ಸುಳ್ಳು ನೆಗೆಟಿವ್ ಬರುತ್ತದೆ. ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿದರೆ ಬಹುತೇಕ ಸರಿಹೋಗುತ್ತದೆ.

ಬೆನ್ನು ಉಜ್ಜಿದ್ದರೆ ಆ ಸ್ವಾಬ್ ಹೆಚ್ಚು ಉಪಯೋಗಕ್ಕೆ ಬರದು. ಹೊಟ್ಟೆಯ ಕೆಳಭಾಗ, ತೊಡೆಯ ಒಳಬದಿ, ಹಿಂಗಾಲಿನ ಬೆರಳು ಮತ್ತು ಜಾಲಪೊರೆ, ಪ್ರತಿ ಕಡೆ ಐದು ಸಲ ಉಜ್ಜಬೇಕು. ಗೊದಮೊಟ್ಟೆಯಾದರೆ ಬಾಯಿ ಮಾತ್ರ, ಶಿಲೀಂಧ್ರ ಬೆಳೆಯುವ ಕೆರಾಟಿನ್ (ಉಗುರಿನಲ್ಲಿರುವಂಥ ಗಟ್ಟಿ ಪ್ರೋಟೀನ್) ಇರುವುದು ಅಲ್ಲೇ. ಕಪ್ಪೆಗೊಂದು ಹೊಸ ಗ್ಲೌಸ್ ಕಡ್ಡಾಯ.

ಸ್ವಾಬ್ ಕಡುಬೇಸಿಗೆಯಲ್ಲಿ ತೆಗೆದಿದ್ದೀರಾ? ಈ ಶಿಲೀಂಧ್ರ 17ರಿಂದ 25 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುವಂಥದ್ದು. ತಂಪು ತಿಂಗಳುಗಳಲ್ಲಿ ಇನ್ನೊಮ್ಮೆ ತೆಗೆಯಿರಿ, ಅರಣ್ಯ ಇಲಾಖೆಯ ಅನುಮತಿಯೊಂದಿಗೆ. ಮುಂದಿನ ಹಳ್ಳಕ್ಕೆ ಇಳಿಯುವ ಮೊದಲು ಬೂಟಿನ ಕೆಸರು ಉಜ್ಜಿ, ಬ್ಲೀಚ್ ಹಾಕಿ ತೊಳೆದು ಪೂರ್ತಿ ಒಣಗಿಸಿ.