‘ಸೇನೆ ಕಳಿಸಿದರು’ ಅಂದರೆ ಸಾಲದು

ಮಾನ್ಯರೇ,

‘ನಾಯಕನ ಒಂದು ನಿರ್ಧಾರ’ ಲೇಖನವನ್ನು ಈಗಿರುವಂತೆ ಪ್ರಕಟಿಸಲಾಗದು. ನಿಮ್ಮ ಕನ್ನಡ ಚೆನ್ನಾಗಿದೆ. ಕೈಕೊಟ್ಟಿರುವುದು ಈ ಸಾಲು: ‘ಎಲ್‌ಟಿಟಿಇಯನ್ನು ಸದೆಬಡಿಯಲು ರಾಜೀವ್ ಗಾಂಧಿ 1987ರಲ್ಲಿ ಶ್ರೀಲಂಕಾಕ್ಕೆ ಸೇನೆ ಕಳಿಸಿದರು.’ ಇಡೀ ಬರಹ ಇದರ ಮೇಲೆ ನಿಂತಿದೆ, ಇದೇ ತಪ್ಪು.

1987ರ ಜುಲೈ 29ರ ಭಾರತ–ಶ್ರೀಲಂಕಾ ಒಪ್ಪಂದದಂತೆ ಪಡೆ ಹೋದದ್ದು ಕದನವಿರಾಮ ಕಾಯಲು, ತಮಿಳು ಉಗ್ರರ ಶಸ್ತ್ರ ಒಪ್ಪಿಸಿಕೊಳ್ಳಲು. ಕರೆದವರು ಲಂಕಾ ಅಧ್ಯಕ್ಷ ಜಯವರ್ಧನೆ, ಆ ದೇಶದ ದಕ್ಷಿಣದಲ್ಲಿ ಗಲಭೆ ಎದ್ದಿತ್ತು, ಅದನ್ನು ಅಡಗಿಸಲು ಅವರಿಗೆ ಉತ್ತರದಲ್ಲಿದ್ದ ತಮ್ಮ ಸೈನಿಕರು ಬೇಕಿತ್ತು. ತಮಿಳು ಉಗ್ರರ ಸಂಘಟನೆ ಎಲ್‌ಟಿಟಿಇ ಆ ಒಪ್ಪಂದಕ್ಕೆ ಸಹಿಯನ್ನೇ ಹಾಕಿರಲಿಲ್ಲ. ಇದನ್ನು ನೀವು ಎಲ್ಲೂ ಹೇಳಿಲ್ಲ. ಮುಂದಿನ ಎಡವಟ್ಟಿನ ಬೇರು ಇಲ್ಲಿದೆ.

ಯುದ್ಧದ ತೀರ್ಮಾನ ಬಂದದ್ದು ಅಕ್ಟೋಬರ್‌ನಲ್ಲಿ. ಸೆರೆಸಿಕ್ಕ ಎಲ್‌ಟಿಟಿಇಯವರನ್ನು ಕೊಲಂಬೊಗೆ ಒಯ್ಯುತ್ತೇವೆಂದು ಲಂಕಾ ಸರ್ಕಾರ ಪಟ್ಟು ಹಿಡಿಯಿತು, 5ರಂದು ಅವರಲ್ಲಿ 12 ಮಂದಿ ಸಯನೈಡ್ ನುಂಗಿ ಸತ್ತರು, ಎಲ್‌ಟಿಟಿಇ ಹತ್ಯೆಗಳನ್ನು ಶುರುಮಾಡಿತು, 10ರ ಹೊತ್ತಿಗೆ ಅದರ ಮೇಲೆ ಭಾರತೀಯ ಪಡೆಯ ದಾಳಿ, ‘ಆಪರೇಷನ್ ಪವನ್’. ರಾಜೀವ್ ಬಗ್ಗೆ ಬರೆಯುವುದಾದರೆ ಈ ಐದು ದಿನ ಬರೆಯಿರಿ. ಪ್ರತಿ ದಿನಕ್ಕೂ ಒಂದೇ ಪ್ರಶ್ನೆ: ಅಂದು ದೆಹಲಿಗೆ ಯಾವ ದಾರಿ ಇನ್ನೂ ತೆರೆದಿತ್ತು?

ಆ ದಾಳಿಯಲ್ಲಿ ಉತ್ತರ ಲಂಕಾದ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕಿಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಮಂದಿ ಸತ್ತದ್ದಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಓದಿದರೆ ಕರುಳು ಚುರುಕ್ ಅನ್ನುತ್ತದೆ, ನಿಜ. ಆದರೆ ಆ ಯೋಜನೆ ಕಣದಲ್ಲಿದ್ದ ಸೇನಾಧಿಕಾರಿಗಳದು, ಪ್ರಧಾನಿಯದಲ್ಲ. ನಾಲ್ಕು ಸಾಲಿಗೆ ಇಳಿಸಿ.

ಉಳಿದ ಜಾಗ ಒಪ್ಪಂದಕ್ಕೂ ಮುಂಚಿನ ಜೂನ್ 4ಕ್ಕೆ ಕೊಡಿ. ಜಾಫ್ನಾಕ್ಕೆ ಪರಿಹಾರ ಸಾಮಗ್ರಿ ಹೊತ್ತ ಭಾರತದ ದೋಣಿಗಳನ್ನು ಲಂಕಾ ನೌಕಾಪಡೆ ಹಿಂದಕ್ಕಟ್ಟಿದ ಮರುದಿನ, ಬೆಂಗಳೂರಿನಿಂದ ಹೊರಟ ಐದು ಎಎನ್-32 ಸಾಗಣೆ ವಿಮಾನಗಳು ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ ಜಾಫ್ನಾ ಮೇಲೆ ಸುಮಾರು 25 ಟನ್ ಸಾಮಗ್ರಿ ಉದುರಿಸಿದವು. ಹಸಿವು ನೀಗಿಸಲು ಅಷ್ಟು ಯಾವ ಮೂಲೆಗೂ ಸಾಲದು. ಅದು ಜಯವರ್ಧನೆಗೆ ಕೊಟ್ಟ ಎಚ್ಚರಿಕೆ. ಎರಡು ತಿಂಗಳೊಳಗೆ ಅವರು ಒಪ್ಪಂದಕ್ಕೆ ಸಹಿ ಹಾಕಿದರು. ಬೆಂಗಳೂರಿನ ಓದುಗರನ್ನು ಹಿಡಿದಿಡಲು ಇದಕ್ಕಿಂತ ಒಳ್ಳೆಯ ಆರಂಭ ಬೇಕೆ?

ವಾಪಸಾತಿಗೆ ಒಂದೂ ಸಾಲಿಲ್ಲ. 1989ರ ಜೂನ್‌ನಲ್ಲಿ, ಜಯವರ್ಧನೆ ನಂತರ ಅಧ್ಯಕ್ಷರಾದ ಪ್ರೇಮದಾಸ, ಪಡೆ ಹೊರಡಲಿ ಎಂದರು, ರಾಜೀವ್ ಗಡುವಿಗೆ ಬಗ್ಗಲಿಲ್ಲ. ದೆಹಲಿಯಲ್ಲಿ ಸರ್ಕಾರ ಬದಲಾದ ಮೇಲೆ, ವಿ.ಪಿ. ಸಿಂಗ್ ಕಾಲದಲ್ಲಿ, 1990ರ ಮಾರ್ಚ್ 24ಕ್ಕೆ ಕೊನೆಯ ತುಕಡಿ ಹಡಗು ಹತ್ತಿತು. ಕರೆದವರು ಒಬ್ಬರು, ಹೋಗೆಂದವರು ಇನ್ನೊಬ್ಬರು, ಕಳಿಸಿದವರು ಒಬ್ಬರು, ಕರೆಸಿಕೊಂಡವರು ಮತ್ತೊಬ್ಬರು. ಶೀರ್ಷಿಕೆಯಲ್ಲಿರುವ ‘ಒಂದು’ ತೆಗೆಯಿರಿ. ‘ದಿಟ್ಟ’ ಎಂಬ ಪದ ಒಂಬತ್ತು ಕಡೆ ಇದೆ, ಅದನ್ನೂ.

1,500 ಪದ ಮೀರದಂತೆ ತಿದ್ದಿ ಕಳಿಸಿ, ಮತ್ತೆ ನೋಡುತ್ತೇವೆ.

— ಸಂಪಾದಕ